ತಪ್ಪೊಪ್ಪಿಕೊಳ್ಳುವ ಮುನ್ನ ಒಬ್ಬ ವಕೀಲರನ್ನು ಕಾಣಿರಿ

(ಚಾಲಕರು ಮತ್ತು ಅವರ ಕುಟುಂಬದವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಯಲ್ಲಿ ರಿಕ್ಷಾ ಓಡಿಸುವವರಿದ್ದಾರೆ, ಮೀನಿನ ಲಾರಿಯಲ್ಲಿ ರಾತ್ರಿ ಕಳೆಯುವವರಿದ್ದಾರೆ, ಶಾಲಾ ವ್ಯಾನಿನ ಚಾಲಕರಿದ್ದಾರೆ. ಚಾಲಕರಲ್ಲದವರ ಮನೆಯಂಗಳದಲ್ಲೂ ಒಂದು ಸ್ಕೂಟರಾದರೂ ನಿಂತಿದೆ. ಆದುದರಿಂದ ಸಂಚಾರ ಮೊಕದ್ದಮೆ ಎಂಬುದು ಬೇರೆ ಯಾರಿಗೋ ಸಂಬಂಧಿಸಿದ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ.

ನಮ್ಮಲ್ಲಿ ಒಂದು ಸಲಹೆ ಬಹಳ ಸುಲಭವಾಗಿ ದೊರೆಯುತ್ತದೆ. ‘ತಪ್ಪು ಒಪ್ಪಿಕೊಂಡುಬಿಡು, ದಂಡ ಕಟ್ಟಿ ಮುಗಿಸಿಬಿಡು.’ ಠಾಣೆಯ ಹೊರಗಿನ ದಲ್ಲಾಳಿ ಇದನ್ನು ಹೇಳುತ್ತಾನೆ, ವಾಹನದ ಮಾಲಕರು ಹೇಳುತ್ತಾರೆ, ಮನೆಯ ಹಿರಿಯರೂ ಹೇಳುತ್ತಾರೆ. ಹೆಲ್ಮೆಟ್ ಧರಿಸದೆ ಹೋದ ಪ್ರಕರಣಕ್ಕೆ ಈ ಸಲಹೆ ಸರಿಯಿರಬಹುದು. ಆದರೆ ಅಪಘಾತದಲ್ಲಿ ಮನುಷ್ಯನೊಬ್ಬನಿಗೆ ಗಾಯವಾದ ಅಥವಾ ಸಾವು ಸಂಭವಿಸಿದ ಪ್ರಕರಣಕ್ಕೂ ಇದೇ ಸಲಹೆಯನ್ನು ನೀಡಲಾಗುತ್ತಿದೆ. ಇದು ಎಷ್ಟು ಅಪಾಯಕಾರಿ ಎಂಬುದನ್ನು ವಿವರಿಸಲಿಕ್ಕಾಗಿಯೇ ನಾವು ಇಂದು ನಿಮ್ಮ ಮುಂದೆ ನಿಂತಿದ್ದೇವೆ.

ಹಿಂದಿನ ಭಾರತೀಯ ದಂಡ ಸಂಹಿತೆಯ 304-ಎ ಕಲಮಿನ ಪ್ರಕಾರ ನಿರ್ಲಕ್ಷ್ಯದಿಂದ ಸಾವುಂಟುಮಾಡಿದವನಿಗೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ವಿಧಿಸಬಹುದಿತ್ತು. ಆ ‘ಅಥವಾ’ ಎಂಬ ಪದದಲ್ಲಿ ಬಡ ಚಾಲಕನಿಗೆ ಒಂದು ಆಸರೆಯಿತ್ತು. ನ್ಯಾಯಾಧೀಶರು ಮನಸ್ಸು ಮಾಡಿದರೆ ಕೇವಲ ದಂಡ ವಿಧಿಸಿ ಬಿಡಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1) ಕಲಮಿನಲ್ಲಿ ಆ ಪದವಿಲ್ಲ. ಐದು ವರ್ಷದವರೆಗೆ ಸೆರೆವಾಸ, ಅದರ ಜೊತೆಗೆ ದಂಡ. ಅಪರಾಧವು ಈಗಲೂ ಜಾಮೀನು ದೊರೆಯುವಂಥದ್ದೇ. ಜಾಮೀನು ಬೇಗ ಸಿಕ್ಕಿತೆಂದು ಕುಟುಂಬವು ಸಮಾಧಾನಪಟ್ಟುಕೊಳ್ಳುತ್ತದೆ, ಪ್ರಕರಣವು ಹಗುರವಾದುದೆಂದು ತಿಳಿಯುತ್ತದೆ. ಹತ್ತು ವರ್ಷಗಳ ಹಿಂದೆ ಸೋದರಮಾವನೊಬ್ಬ ದಂಡ ಕಟ್ಟಿ ಹೊರಬಂದ ಕಥೆಯನ್ನು ನಂಬಿ ಇಂದು ಅಳಿಯನು ‘ಒಪ್ಪುತ್ತೇನೆ ಸ್ವಾಮಿ’ ಎಂದರೆ, ಅವನು ಸೆರೆಮನೆಯ ಬಾಗಿಲನ್ನು ತಾನೇ ತೆರೆದುಕೊಂಡಂತಾಗುತ್ತದೆ.

ಇದೇ ಕಲಮಿನ ಎರಡನೆಯ ಉಪಕಲಮಿನ ವಿಷಯ ನಿಮಗೆ ನೆನಪಿರಬಹುದು. ಅಪಘಾತ ಮಾಡಿ ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎಂಬುದೇ ಅದು. 2024ರ ಜನವರಿಯಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಮುಷ್ಕರ ಹೂಡಿದರು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಸಂಹಿತೆ ಜಾರಿಗೆ ಬರುವಾಗ ಸರಕಾರವು ಆ ಉಪಕಲಮನ್ನು ತಡೆಹಿಡಿಯಿತು. ಸಂಘಟಿತರಾದ ಚಾಲಕರು ದೆಹಲಿಯ ಸರಕಾರವನ್ನು ಮಣಿಸಬಲ್ಲರು. ಆದರೆ ಅದೇ ಚಾಲಕನು ತಾಲೂಕು ನ್ಯಾಯಾಲಯದ ಕಟಕಟೆಯಲ್ಲಿ ಒಂಟಿಯಾಗಿ ನಿಂತಾಗ ಅವನ ಪರವಾಗಿ ಒಂದು ಮಾತನಾಡುವವರಿರುವುದಿಲ್ಲ.

ಓಡಿಹೋಗುವುದನ್ನು ನಾವು ಸಮರ್ಥಿಸುತ್ತಿಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಚಾಲಕನ ಕರ್ತವ್ಯ. ಗುಂಪಿನ ಆಕ್ರೋಶದಿಂದಾಗಿ ಅದು ಸಾಧ್ಯವಾಗದಿದ್ದರೆ ಅದಕ್ಕೆ ವಿನಾಯಿತಿಯಿದೆ. ಅಂತಹ ಸ್ಥಿತಿಯಲ್ಲಿ ನೇರವಾಗಿ ಹತ್ತಿರದ ಠಾಣೆಗೆ ಹೋಗಿ ವಿಷಯ ತಿಳಿಸಬೇಕು. ಗುಂಪಿಗೆ ಹೆದರಿ ಠಾಣೆಗೆ ಹೋದವನಿಗೂ, ಹೆದರಿ ಊರು ಬಿಟ್ಟವನಿಗೂ ನ್ಯಾಯಾಲಯದಲ್ಲಿ ಅಜಗಜಾಂತರವಿದೆ.

ಇನ್ನು ಸಾವು ಸಂಭವಿಸದ ಪ್ರಕರಣಗಳಿಗೆ ಬರೋಣ. ನಮ್ಮ ಜನರು ಹೆಚ್ಚು ಮೋಸಹೋಗುವುದು ಇಲ್ಲಿಯೇ. ದುಡುಕಿನ ಚಾಲನೆಗೆ ನ್ಯಾಯ ಸಂಹಿತೆಯ 281ನೇ ಕಲಮು, ಗಾಯಕ್ಕೆ 125ನೇ ಕಲಮು. ಮೊದಲನೆಯದಕ್ಕೆ ದಂಡ ಗರಿಷ್ಠ 1000 ರೂಪಾಯಿ. ಒಂದು ದಿನದ ದುಡಿಮೆ ಹೋಯಿತೆಂದುಕೊಂಡು ಚಾಲಕನು ಒಪ್ಪಿಕೊಳ್ಳುತ್ತಾನೆ, ರಶೀದಿ ಪಡೆದು ಚಹಾ ಕುಡಿದು ಮನೆಗೆ ಹೋಗುತ್ತಾನೆ. ಆದರೆ ಆ ಅಪಘಾತದಲ್ಲಿ ಅವನ ಕಾಲೂ ಮುರಿದಿದೆ ಎಂದಿಟ್ಟುಕೊಳ್ಳಿ. ಎದುರಿನ ವಾಹನವು ತಪ್ಪು ದಿಕ್ಕಿನಲ್ಲಿ ಬಂದಿತ್ತು. ಅವನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿದಾಗ ಎದುರು ಪಕ್ಷದ ವಿಮಾ ಕಂಪೆನಿಯ ವಕೀಲರು ಅವನದೇ ತಪ್ಪೊಪ್ಪಿಗೆಯ ಪ್ರತಿಯನ್ನು ಮುಂದಿಡುತ್ತಾರೆ. ಅದು ಅಂತಿಮ ಸಾಕ್ಷ್ಯವಲ್ಲ, ನಿಜ. ಆದರೆ ಅದನ್ನು ಅಳಿಸುವುದು ಸುಲಭವಲ್ಲ. ಅಪಘಾತಕ್ಕೆ ತಾನೇ ಕಾರಣನಾದವನಿಗೆ 166ನೇ ಕಲಮಿನ ಕೆಳಗೆ ಪರಿಹಾರ ಸಿಗುವುದಿಲ್ಲ. ಸಾವಿರ ರೂಪಾಯಿಯಲ್ಲಿ ಮುಗಿಯಿತೆಂದು ಭಾವಿಸಿದವನು ಲಕ್ಷಗಟ್ಟಲೆ ಹಣದ ಹಕ್ಕನ್ನು ಕಳೆದುಕೊಂಡಿರುತ್ತಾನೆ. ಆ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವನ್ನು 2019ರ ತಿದ್ದುಪಡಿಯು ಮತ್ತೆ ಹೇರಿದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಕೊಲ್ಲಿ ರಾಷ್ಟ್ರಗಳಿಗೆ ಹೋಗಲಿರುವ ತರುಣರ ಅವಸರ ಬೇರೆಯೇ ಬಗೆಯದು. ಮೊಕದ್ದಮೆ ಬಾಕಿಯಿದ್ದರೆ ಪಾಸ್‌ಪೋರ್ಟ್ ಸಿಗುವುದಿಲ್ಲವೆಂಬ ಭಯದಿಂದ ಅವರು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾರೆ. ಭಯಕ್ಕೆ ಆಧಾರವಿದೆ. 1967ರ ಪಾಸ್‌ಪೋರ್ಟ್ ಕಾಯ್ದೆಯು ಕ್ರಿಮಿನಲ್ ಮೊಕದ್ದಮೆ ನಡೆಯುತ್ತಿರುವವನಿಗೆ ಪಾಸ್‌ಪೋರ್ಟ್ ನಿರಾಕರಿಸಲು ಅವಕಾಶ ನೀಡುತ್ತದೆ. ಆದರೆ ಅದೇ ನ್ಯಾಯಾಲಯದಿಂದ ವಿದೇಶ ಪ್ರಯಾಣಕ್ಕೆ ಅನುಮತಿ ಪಡೆದು ಪಾಸ್‌ಪೋರ್ಟ್ ಪಡೆಯುವ ದಾರಿಯನ್ನು ಕೇಂದ್ರ ಸರಕಾರದ 1993ರ ಅಧಿಸೂಚನೆಯು ತೆರೆದಿಟ್ಟಿದೆ. ಇದು ವಕೀಲರು ಬರೆದುಕೊಡುವ ಒಂದು ಅರ್ಜಿಯ ಕೆಲಸ. ಟ್ರಾವೆಲ್ ಏಜೆಂಟರಿಗೆ ಇದು ತಿಳಿದಿರಬೇಕಾಗಿಲ್ಲ, ಅವರಿಗೆ ಬೇಕಾದುದು ತಾರೀಕು ಮಾತ್ರ.

ಈಗ ತಂದೆತಾಯಿಯರಿಗೆ ಒಂದು ಮಾತು. ಹದಿನಾರರ ಹುಡುಗನ ಕೈಗೆ ಸ್ಕೂಟರಿನ ಕೀಲಿಕೈ ಕೊಡುವುದು ನಮ್ಮಲ್ಲಿ ಪ್ರೀತಿಯ ಲಕ್ಷಣವಾಗಿಬಿಟ್ಟಿದೆ. ಹದಿನಾರಕ್ಕೆ ಕಾನೂನು ಅನುಮತಿ ನೀಡುವುದು 50 ಸಿ.ಸಿ. ಮೀರದ ಎಂಜಿನಿನ ದ್ವಿಚಕ್ರಕ್ಕೆ ಮಾತ್ರ, ಅದೂ ಲೈಸೆನ್ಸ್ ಪಡೆದ ಬಳಿಕ. ಅಂಗಡಿಯಲ್ಲಿ ಮಾರಾಟವಾಗುವ ಸಾಮಾನ್ಯ ಪೆಟ್ರೋಲ್ ಸ್ಕೂಟರುಗಳು ಇದರ ಎರಡು ಪಟ್ಟಿಗಿಂತ ದೊಡ್ಡವು. 2019ರಲ್ಲಿ ಸೇರಿಸಲಾದ 199-ಎ ಕಲಮಿನ ಪ್ರಕಾರ ಅಪ್ರಾಪ್ತನು ಅಪರಾಧವೆಸಗಿದರೆ ಪಾಲಕನು ಅಥವಾ ವಾಹನದ ಮಾಲಕನು ತಪ್ಪಿತಸ್ಥನು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು, ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ತನಗೆ ತಿಳಿಯದೆ ನಡೆಯಿತೆಂದು ಅಥವಾ ತಡೆಯಲು ಸಕಲ ಎಚ್ಚರಿಕೆ ವಹಿಸಿದ್ದೆನೆಂದು ಪಾಲಕನು ಸಾಬೀತುಪಡಿಸಿದರೆ ಮಾತ್ರ ಪಾರಾಗಬಹುದು. ಪ್ರತಿದಿನ ಅದೇ ಸ್ಕೂಟರಿನಲ್ಲಿ ಹುಡುಗನನ್ನು ಟ್ಯೂಷನ್ನಿಗೆ ಕಳುಹಿಸಿದವರಿಗೆ ಇದನ್ನು ಸಾಬೀತುಪಡಿಸಲು ಸಾಧ್ಯವೇ?

ಇಂತಹ ಸಂದರ್ಭದಲ್ಲಿ ನಡೆಯುವ ಇನ್ನೊಂದು ಕೃತ್ಯವನ್ನು ಈ ವೇದಿಕೆಯಿಂದ ಹೇಳದೆ ಹೋದರೆ ನಾವು ನಮ್ಮ ಜವಾಬ್ದಾರಿಯಿಂದ ನುಣುಚಿಕೊಂಡಂತಾದೀತು. ತಮ್ಮನು ಓಡಿಸಿದ ವಾಹನಕ್ಕೆ ಲೈಸೆನ್ಸ್ ಇರುವ ಅಣ್ಣನನ್ನು ಚಾಲಕನೆಂದು ಠಾಣೆಯಲ್ಲಿ ನಿಲ್ಲಿಸುವುದು. ಕುಟುಂಬದವರೆಲ್ಲ ಕುಳಿತು ಇದನ್ನು ತೀರ್ಮಾನಿಸುತ್ತಾರೆ, ಇದು ತ್ಯಾಗವೆಂದೇ ಬಣ್ಣಿಸುತ್ತಾರೆ. ಇದು ತ್ಯಾಗವಲ್ಲ, ಸುಳ್ಳು ಸಾಕ್ಷ್ಯ. ಇದೇ ಒಂದು ಪ್ರತ್ಯೇಕ ಅಪರಾಧ. ವಿಮಾ ಕಂಪೆನಿಯು ತನ್ನದೇ ತನಿಖೆ ನಡೆಸಿ ಆಸ್ಪತ್ರೆಯ ದಾಖಲೆಗಳನ್ನೂ ರಸ್ತೆಬದಿಯ ಅಂಗಡಿಗಳ ಕ್ಯಾಮೆರಾಗಳನ್ನೂ ನೋಡುತ್ತದೆ. ಸುಳ್ಳು ಬಯಲಾದಾಗ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ವಾಹನದ ಮಾಲಕನಿಂದಲೇ ವಸೂಲು ಮಾಡಲು ಮುಂದಾಗುತ್ತದೆ. ಕಾನೂನು ನೆರವು ಎಂದರೆ ತಪ್ಪಿತಸ್ಥನನ್ನು ಪಾರುಮಾಡುವ ಕುತಂತ್ರವಲ್ಲ. 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಇಲಾಖೆಯೇ ಲೆಕ್ಕ ಕೊಟ್ಟಿದೆ. ಸತ್ತವರ ಮನೆಗಳಿಗೂ ನ್ಯಾಯ ಬೇಕು.

ಆದರೆ ಎಲ್ಲ ತಪ್ಪೂ ಚಾಲಕನದೇ ಎಂಬುದನ್ನು ನಾವು ಒಪ್ಪಲಾರೆವು. 2019ರ ತಿದ್ದುಪಡಿಯಲ್ಲಿ ದಂಡಗಳನ್ನು ಹಲವು ಪಟ್ಟು ಏರಿಸಿದವರು ಅದರೊಳಗೆ 198-ಎ ಎಂಬ ಕಲಮನ್ನೂ ಇಟ್ಟಿದ್ದಾರೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವುನೋವಿಗೆ ಕಾರಣವಾದ ಅಧಿಕಾರಿಗೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ. ಹೊಂಡ ತಪ್ಪಿಸಲು ಹೋಗಿ ಎದುರಿನ ಬೈಕಿಗೆ ಬಡಿದ ರಿಕ್ಷಾದವನ ಮೇಲೆ ಮೊಕದ್ದಮೆ ಹೂಡುವ ಕೈ, ಆ ಹೊಂಡವನ್ನು ಮುಚ್ಚದವನ ಹೆಸರನ್ನು ಬರೆಯಲು ಯಾಕೆ ಹಿಂಜರಿಯುತ್ತದೆ? ಸ್ಥಳ ಮಹಜರಿನಲ್ಲಿ ಆ ಹೊಂಡ ಕಾಣಿಸಿಕೊಳ್ಳಬೇಕು. ಅದು ಕಾಣಿಸಿಕೊಳ್ಳುವಂತೆ ನೋಡಿಕೊಳ್ಳುವುದೇ ವಕೀಲರ ಮೊದಲ ಕೆಲಸ. ವಾಹನಗಳು ನಿಂತಿದ್ದ ಜಾಗದ ನಕ್ಷೆ, ಬ್ರೇಕಿನ ಬಗ್ಗೆ ಮೋಟಾರು ವಾಹನ ನಿರೀಕ್ಷಕರ ವರದಿ, ಅಂಗಡಿಯ ಕ್ಯಾಮೆರಾದ ದೃಶ್ಯ, ಇವೆಲ್ಲ ಮೊದಲ ಕೆಲವು ದಿನಗಳ ಮಾತು. ಆ ದೃಶ್ಯವಂತೂ ತಾನಾಗಿಯೇ ಅಳಿದುಹೋಗುತ್ತದೆ. ದೊಡ್ಡ ವಾಹನದ್ದೇ ತಪ್ಪು ಎಂದು ಸೇರಿದ ಜನ ಹೇಳಿದ್ದು ಆಮೇಲೆ ದೋಷಾರೋಪ ಪಟ್ಟಿಯಲ್ಲಿ ಅಚ್ಚಾಗಿರುತ್ತದೆ.

ಲೈಸೆನ್ಸಿನ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿಯಿದೆ. ಲಘು ವಾಹನದ ಲೈಸೆನ್ಸ್ ಹೊಂದಿದವನು ಬಾಡಿಗೆಯ ಪಿಕ್‌ಅಪ್ ಓಡಿಸುತ್ತಿದ್ದನೆಂಬ ಒಂದೇ ಕಾರಣಕ್ಕೆ ವಿಮಾ ಕಂಪೆನಿಗಳು ಹೊಣೆಯಿಂದ ಜಾರಿಕೊಳ್ಳುತ್ತಿದ್ದವು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ಈ ವಾದವನ್ನು ತಳ್ಳಿಹಾಕಿತು. ಒಟ್ಟು ತೂಕ 7,500 ಕಿಲೋ ಮೀರದ ಸಾಗಣೆ ವಾಹನಕ್ಕೆ ಪ್ರತ್ಯೇಕ ಅನುಮೋದನೆ ಬೇಕಿಲ್ಲ. ಈ ತೀರ್ಪು ತಿಳಿಯದೆ ವಿಮಾ ಕಂಪೆನಿಯ ನೋಟೀಸಿಗೆ ಹೆದರಿ ಜಾಗ ಮಾರಲು ಹೊರಟವರಿದ್ದರೆ ದಯವಿಟ್ಟು ತಡೆಯಿರಿ.

ಸಣ್ಣ ದಂಡಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಫೆಬ್ರವರಿಯಲ್ಲೂ 2025ರ ಆಗಸ್ಟ್-ಸೆಪ್ಟೆಂಬರಿನಲ್ಲೂ ರಾಜ್ಯ ಸರಕಾರವು ಬಾಕಿ ದಂಡದ ಮೇಲೆ ಶೇಕಡಾ 50 ರಿಯಾಯಿತಿ ನೀಡಿತು, ಜನರು ಸರದಿಯಲ್ಲಿ ನಿಂತು ಕಟ್ಟಿದರು. (ಜವಳಿ ಅಂಗಡಿಯ ಹಾಗೆ ಕಾನೂನಿಗೂ ರಿಯಾಯಿತಿ ಋತು ಬಂದರೆ ಅದನ್ನು ಯಾರು ಗೌರವಿಸಿಯಾರು?) ಬೇರೆಯವರ ನಂಬರ್ ಪ್ಲೇಟನ್ನು ಕ್ಯಾಮೆರಾ ತಪ್ಪಾಗಿ ಓದಿದ್ದರೆ ಅರ್ಧ ದಂಡವನ್ನೂ ಕಟ್ಟಬೇಕಾಗಿಲ್ಲ, ಚಿತ್ರವನ್ನು ಕೇಳಿ ಪಡೆದು ಆಕ್ಷೇಪಿಸಬಹುದು. ಹಳೆಯ ಬೈಕು ಮಾರಿದವರು ಆರ್.ಸಿ. ವರ್ಗಾವಣೆಯಾಗಿದೆಯೇ ಎಂದು ನೋಡಿರಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ವಕೀಲರಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆ ನಿಮ್ಮ ಮುಖದಲ್ಲಿ ಕಾಣಿಸುತ್ತಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರನ್ನು ಕೇಳಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ವಿಕಲಚೇತನರು, ಬಂಧನದಲ್ಲಿರುವವರು ಆದಾಯ ಎಷ್ಟಿದ್ದರೂ ಅರ್ಹರು. ಉಳಿದವರಿಗೆ ಸರಕಾರ ನಿಗದಿಪಡಿಸಿದ ವಾರ್ಷಿಕ ಆದಾಯ ಮಿತಿಯಿದೆ. ವಕೀಲರನ್ನಿಡಲು ಶಕ್ತಿಯಿಲ್ಲದ ಆರೋಪಿಗೆ ನ್ಯಾಯಾಲಯವೇ ಸರಕಾರಿ ಖರ್ಚಿನಲ್ಲಿ ವಕೀಲರನ್ನು ನೇಮಿಸಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 341ನೇ ಕಲಮು ಹೇಳುತ್ತದೆ. ಆರೋಪ ಓದಿ ಹೇಳಿದ ಕೂಡಲೇ ‘ಸ್ವಾಮಿ, ನನಗೆ ವಕೀಲರು ಬೇಕು’ ಎಂದರೆ ಸಾಕು. ಅಪಘಾತದ ಪರಿಹಾರದ ವ್ಯಾಜ್ಯವು ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು, ಆದರೆ ಸಾವಿನ ಪ್ರಕರಣದ ಕ್ರಿಮಿನಲ್ ಭಾಗಕ್ಕೆ ಅಲ್ಲಿ ರಾಜಿಯಿಲ್ಲ. ಇವೆರಡನ್ನೂ ಒಂದೇ ಎಂದು ಹೇಳಿ ಹಣ ಕೀಳುವವರಿದ್ದಾರೆ.

ನಮ್ಮ ಜಮಾಅತ್‌ಗಳು ಚಾಲಕನೊಬ್ಬ ಸಂಕಷ್ಟಕ್ಕೀಡಾದಾಗ ಚಂದಾ ಎತ್ತಿ ದಂಡ ಕಟ್ಟಿದ್ದನ್ನು ಕಂಡಿದ್ದೇವೆ. ಆ ಉದಾರತೆಯನ್ನು ಗೌರವಿಸುತ್ತಲೇ ಕೇಳುತ್ತೇವೆ: ಅಪಘಾತದ ಮರುದಿನವೇ ಅವನನ್ನು ಕಾನೂನು ಸೇವಾ ಸಮಿತಿಗೆ ಕರೆದೊಯ್ಯುವ ಇಬ್ಬರು ವಿದ್ಯಾವಂತ ತರುಣರನ್ನು ಪ್ರತಿ ಮೊಹಲ್ಲಾದಲ್ಲಿ ನೇಮಿಸಬಾರದೇ? ಖರ್ಚು ಬಸ್ ಚಾರ್ಜು ಮಾತ್ರ. ಸಮಿತಿಯ ಕಚೇರಿಯು ತಾಲೂಕು ನ್ಯಾಯಾಲಯದ ಆವರಣದಲ್ಲಿದೆ. ಎಫ್.ಐ.ಆರ್. ಪ್ರತಿ, ಸಮನ್ಸ್, ಲೈಸೆನ್ಸ್, ಆರ್.ಸಿ., ವಿಮೆ ಮತ್ತು ಆದಾಯ ಪ್ರಮಾಣಪತ್ರಗಳನ್ನು ಜೊತೆಗೆ ಒಯ್ಯಿರಿ. ಹೋಗಲಾಗದವರು 15100 ಸಂಖ್ಯೆಗೆ ಕರೆ ಮಾಡಬಹುದು, ಅದಕ್ಕೆ ಶುಲ್ಕವಿಲ್ಲ.