ಕಲಘಟಗಿಯ ಯೂರಿಯಾ, ಮಂಜುಗುಣಿಯ ಕಡಲು



ಅಣ್ಣಿಗೇರಿಯಲ್ಲಿ ನಿಂತು ಮಾತಾಡುವವರು ಪಂಪನ ನೆಪದಲ್ಲಿ ಬನವಾಸಿಯ ತನಕ ಹೋಗಿ ಬರುವುದು ವಾಡಿಕೆ. ನಾನು ಇವತ್ತು ಘಟ್ಟ ಇಳಿದು ಕಡಲಿಗೇ ಹೋಗಬೇಕೆಂದಿದ್ದೇನೆ.

ನಮ್ಮ ಭೂಗೋಳದ ಮಾಸ್ತರರು ಕರಿಹಲಗೆಯ ಮೇಲೆ ಧಾರವಾಡ ಜಿಲ್ಲೆಯನ್ನು ಬರೆದು ನಡುವೆ ಒಂದು ಗೆರೆ ಎಳೆಯುತ್ತಿದ್ದರು. ಮೂಡಣದ ಮಳೆ ಬೆಣ್ಣೆಹಳ್ಳ, ತುಪ್ಪರಿಹಳ್ಳ ಹಿಡಿದು ಮಲಪ್ರಭೆಗೆ, ಕೃಷ್ಣೆಗೆ, ಬಂಗಾಳ ಕೊಲ್ಲಿಗೆ. ಪಡುವಣದ್ದು ಶಾಲ್ಮಲೆ, ಬೇಡ್ತಿಯಾಗಿ ಕಲಘಟಗಿ ಸೀಮೆ ದಾಟಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು ಮಂಜುಗುಣಿಯಲ್ಲಿ ಅರಬ್ಬಿ ಸಮುದ್ರಕ್ಕೆ. ಯಾವ ನೀರಿಗೆ ಕಡಲು ಹತ್ತಿರ ಎಂದು ಕೇಳಿ, ಉತ್ತರ ಬರುವತನಕ ಸುಣ್ಣದ ಕಡ್ಡಿ ಕೆಳಗಿಡುತ್ತಿರಲಿಲ್ಲ.

ಹೊಲದ ಗೊಬ್ಬರ ಈ ನೀರಿನ ಸಂಗಡ ಕಡಲಿಗೆ ಹೋಗುವ ಮಾತು ಬಂದರೆ ಎಲ್ಲರೂ ನವಲಗುಂದದ ನೀರಾವರಿ ಕಡೆ ಬೆರಳು ಮಾಡುತ್ತಾರೆ. ಕಡಲಿನ ಮಟ್ಟಿಗೆ ನನಗದು ಒಪ್ಪಿಗೆಯಿಲ್ಲ. ಎರೆಮಣ್ಣು ರಂಜಕವನ್ನು ಕಚ್ಚಿ ಹಿಡಿಯುತ್ತದೆ. ಹಳ್ಳಕ್ಕೆ ಕೊಚ್ಚಿಹೋದ ಮಣ್ಣೂ ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ಬಹುಪಾಲು ತಳ ಸೇರುತ್ತದೆ. ಬೇಡ್ತಿಗೆ ಅಂಥ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮೇಲಾಗಿ ಕಡಲಿನಲ್ಲಿ ಪಾಚಿಗೆ ಸಾಮಾನ್ಯವಾಗಿ ಕೊರತೆಯಾಗುವುದು ಸಾರಜನಕ. ಅದನ್ನು ಕೊಡುವ ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಯಿತೆಂದರೆ ಮಣ್ಣು ಅದನ್ನು ಹಿಡಿದಿಡುವುದಿಲ್ಲ, ನೀರಿನ ಸಂಗಡ ಹೊರಟುಬಿಡುತ್ತದೆ. 2010ರಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ಸಡಿಲಬಿಟ್ಟು ಯೂರಿಯಾದ ಬೆಲೆಯನ್ನು ಮಾತ್ರ ಕಟ್ಟಿಹಾಕಿತು. ಕಲಘಟಗಿಯ ಗೋವಿನಜೋಳದ ರೈತ ಅಗ್ಗದ್ದನ್ನೇ ಹೆಚ್ಚು ಚೆಲ್ಲಿದರೆ ತಪ್ಪು ಅವನದೇ? ಅದೂ ಮೇಲುಗೊಬ್ಬರ ಹಾಕುವುದು ಮಳೆಗಾಲದ ನಡುವೆ.

ಕಡಲಿಗೆ ಸಾರಜನಕ ಸೇರಿದರೆ ಪಾಚಿ ಉಕ್ಕಿ ಬೆಳೆಯುತ್ತದೆ; ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ. ಮಳೆಗಾಲದಲ್ಲಿ ನಮ್ಮ ಪಡುವಣ ಕರಾವಳಿಗೆ ಆಳದಿಂದ ಆಮ್ಲಜನಕ ಕಡಿಮೆಯಿರುವ ನೀರು ತಾನಾಗಿಯೇ ಮೇಲೇರುತ್ತದೆ, ಅದು ಪ್ರಕೃತಿಯ ಕೆಲಸ. ಆದರೆ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ರಲ್ಲಿ, ಆಮ್ಲಜನಕದ ಆ ಕೊರತೆ ಬಿಗಡಾಯಿಸುತ್ತಿದೆ, ನೆಲದಿಂದ ಹರಿದುಬರುವ ಸಾರಜನಕವೂ ಅದಕ್ಕೆ ಕಾರಣವಿರಬಹುದು ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಲ್ಲಿಂದ ನನ್ನ ಕಣ್ಣು ಬೇಡ್ತಿಯ ಮೇಲೆ ನೆಟ್ಟಿದೆ.

ಎದುರುವಾದವೂ ಗಟ್ಟಿಯಾದದ್ದೇ. ಭತ್ತದ ಗದ್ದೆಯ ಕೆಸರು ನೈಟ್ರೇಟನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತದೆ, ಯಲ್ಲಾಪುರದ ಕಾಡು ಹೀರುತ್ತದೆ. ಹಾಗಾದರೆ ಮಂಜುಗುಣಿಗೆ ತಲುಪುವುದು ಎಷ್ಟು? ಅಳಿವೆಯಲ್ಲಿ ಸಿಗುವ ಸಾರಜನಕದಲ್ಲಿ ಹೊಲದ ಪಾಲೆಷ್ಟು, ಹುಬ್ಬಳ್ಳಿ-ಧಾರವಾಡದ ಗಟಾರದ ಪಾಲೆಷ್ಟು? ನೀರಿನ ಕರದ ವಿರುದ್ಧ 1980ರಲ್ಲಿ ನವಲಗುಂದದ ರೈತರು ಗುಂಡಿಗೆ ಎದೆಕೊಟ್ಟ ಜಿಲ್ಲೆ ಇದು. ಇಲ್ಲಿ ನಿಂತು ಒಂದು ಮುಷ್ಟಿ ಕಡಿಮೆ ಚೆಲ್ಲು ಎಂದು ರೈತನಿಗೆ ಯಾವ ಬಾಯಿಂದ ಹೇಳಲಿ? ಹೇಳದಿದ್ದರೆ ಮಂಜುಗುಣಿಯ ಮೀನುಗಾರನಿಗೆ ಏನು ಹೇಳಲಿ?