ಪೆಟ್ಟಿಗೆಯ ಮರೆವು

ಹಾಡಿಗೆ ದೊಡ್ಡ ಮಂಟಪದ ಗುಂಗನ್ನು ಕೂಡಿಸಿಕೊಡುವ ಪೆಟ್ಟಿಗೆಯೊಂದುಂಟು: 1980ರ ದಶಕದ, ಜಪಾನಿನ ಯಮಹಾ ಎಸ್‌ಪಿಎಕ್ಸ್ 90. ಅದರ ಮೊದಲ 30 ಧ್ವನಿಕ್ರಮಗಳು ಕಾರ್ಖಾನೆಯವು, ಅಳಿಯುವುದಿಲ್ಲ. 31ರಿಂದ 90ರವರೆಗಿನವು ನಾವೇ ಕಿವಿಗೊಟ್ಟು ತಿದ್ದಿ ಕೂಡಿಟ್ಟವು. ಪ್ಲಗ್ಗು ಕಿತ್ತಾಗ ಇವನ್ನು ಕಾಯುವುದು ನಾಣ್ಯದಂಥ 3 ವೋಲ್ಟಿನ ಲಿಥಿಯಂ ಬ್ಯಾಟರಿ. ಅದು ಬತ್ತಿದರೆ ಪೆಟ್ಟಿಗೆಗೆ ಮರೆವು. ಯಂತ್ರವೇ ಕೆಟ್ಟಿತೆಂದು ಮೂಲೆಗೆ ತಳ್ಳುವವರುಂಟು, ಪಾಪ!

ಬ್ಯಾಟರಿಯನ್ನು ಬೆಸೆದಿರುವುದರಿಂದ, ಬೆಸುಗೆ ಬಲ್ಲವರಿಂದಲೇ ಬದಲಾಯಿಸಿರಿ. ಧನ, ಋಣ ತುದಿಗಳು ಅದಲುಬದಲಾಗಬಾರದು. ಬ್ಯಾಟರಿಯ ಮೈಗೇ ಬೆಸುಗೆಯ ಕಾವು ತಗಲಿದರೆ ಸಿಡಿದೀತು. ತಗಡಿನ ಕಾಲುಗಳಿರುವುದನ್ನೇ ಕೊಳ್ಳಿರಿ. ಹಳೆಯದನ್ನು ತೆಗೆದ ಕ್ಷಣವೇ ಉಳಿದ ನೆನಪೂ ಹೋಗುವುದುಂಟು. ಆದ್ದರಿಂದ ಪೆಟ್ಟಿಗೆ ಬಿಚ್ಚುವ ಮುನ್ನ, ಆ 60 ಕ್ರಮಗಳಲ್ಲಿ ಬೇಕಾದವುಗಳ ಅಂಕೆಗಳನ್ನು ತೆರೆಯಲ್ಲಿ ನೋಡಿ, ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿರಿ.