ಮಿಲಿಟರಿ ಲಾರಿಯ ಗುರುತು ಮೂಗಿನಲ್ಲಿಲ್ಲ

(ಹಳೆಯ ವಾಹನಗಳ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಕೆಲವು ವರ್ಷಗಳ ಹಿಂದೆ ಮಲೆನಾಡಿನ ಪರಿಚಿತರೊಬ್ಬರು ಒಂದು ಫೋಟೋ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹಸಿರು ಬಣ್ಣ ಬಳಿದ, ಮೋಟು ಮೂಗಿನ ಹಳೆಯ ಲಾರಿಯ ಚಿತ್ರ ಅದು. ಲಾರಿ ಮಾರಾಟಕ್ಕಿತ್ತು. "ಎರಡನೇ ಮಹಾಯುದ್ಧದ ಮಿಲಿಟರಿ ಫೋರ್ಡ್, ಬರ್ಮಾಕ್ಕೆ ಹೋಗಿ ಬಂದದ್ದು, ಎಲ್ಲವೂ ಒರಿಜಿನಲ್" ಎಂದು ಮಾರುವವನು ಹೇಳಿದ್ದನಂತೆ. ಇವರ ತಂದೆ ಐವತ್ತರ ದಶಕದಲ್ಲಿ ಘಟ್ಟದ ಕಾಡಿನಿಂದ ನಾಟಾ ಸಾಗಿಸುತ್ತಿದ್ದ ಡ್ರೈವರು. "ಅಪ್ಪ ಓಡಿಸಿದ್ದು ಇಂಥದ್ದೇ ಗಾಡಿ ಸಾರ್. ತಗೊಳ್ಳಲೋ ಬೇಡವೋ, ನೀವೇ ಹೇಳಿ" ಎಂದರು.

ಆ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಯನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಹಾಗೆ, ಹಸಿರಾಗಿರುವುದೆಲ್ಲ ಮಿಲಿಟರಿಯದಲ್ಲ. ಮಿಲಿಟರಿಯದೇ ಆದರೂ ಅದು ಮಹಾಯುದ್ಧದ ಕಾಲದ್ದೇ ಆಗಿರಬೇಕಿಲ್ಲ.

ನಮ್ಮಲ್ಲಿ ಬಾನೆಟ್ ಇರುವ ಹಸಿರು ಲಾರಿಯನ್ನು ಕಂಡರೆ ಜನ 'ಶಕ್ತಿಮಾನ್' ಎಂದುಬಿಡುತ್ತಾರೆ. ಶಕ್ತಿಮಾನ್ ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದಲ್ಲಿ ತಯಾರಾದ ಲಾರಿ. ಅದು ಹೊರಬರತೊಡಗಿದ್ದು 1959ರಲ್ಲಿ, ಅಂದರೆ ಮಹಾಯುದ್ಧ ಮುಗಿದು ಹದಿನಾಲ್ಕು ವರ್ಷಗಳಾದ ಮೇಲೆ. ಯಾರಾದರೂ 'ಮಹಾಯುದ್ಧದ ಶಕ್ತಿಮಾನ್' ಮಾರಲು ಬಂದರೆ ಮಾತು ಅಲ್ಲಿಗೇ ಮುಗಿಸಬಹುದು. ಜಬಲ್ಪುರದ್ದೇ ಆದ ಜೋಂಗಾ, ನಿಸಾನ್ ಒಂದು ಟನ್ ಗಾಡಿಗಳೂ ಅರವತ್ತರ ದಶಕದಿಂದೀಚಿನವು.

ಆದರೆ ಫೋಟೋದಲ್ಲಿದ್ದ ಮೋಟು ಮೂಗು ಜಬಲ್ಪುರದ್ದಲ್ಲ, ಕೆನಡಾದ್ದು. 1940ರಲ್ಲಿ ಡಂಕರ್ಕ್‌ನಿಂದ ಹಿಮ್ಮೆಟ್ಟಿದ ಬ್ರಿಟಿಷ್ ಸೇನೆ ಸಾವಿರಾರು ವಾಹನಗಳನ್ನು ಫ್ರಾನ್ಸಿನಲ್ಲೇ ಬಿಟ್ಟು ಬರಬೇಕಾಯಿತು. ಆ ಕೊರತೆ ತುಂಬಿದವರಲ್ಲಿ ಕೆನಡಾ ಮುಖ್ಯವಾದದ್ದು. ಅಲ್ಲಿನ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಾರ್ಖಾನೆಗಳು ಪೇಟೆಯಲ್ಲಿ ಎದುರಾಳಿಗಳಾಗಿದ್ದರೂ ಯುದ್ಧಕ್ಕಾಗಿ ಒಂದೇ ನಮೂನೆಯ ಗಾಡಿಗಳನ್ನು ಮಾಡಿದವು. ಈ ನಮೂನೆಗೆ 'ಕೆನಡಿಯನ್ ಮಿಲಿಟರಿ ಪ್ಯಾಟರ್ನ್', ಚಿಕ್ಕದಾಗಿ ಸಿ.ಎಂ.ಪಿ. ಎಂದು ಹೆಸರು. ಯುದ್ಧ ಮುಗಿಯುವುದರೊಳಗೆ ಇಂಥ ನಾಲ್ಕು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು. ಬ್ರಿಟಿಷ್ ಪದ್ಧತಿಯಂತೆ ಸ್ಟೀರಿಂಗ್ ಬಲಕ್ಕಿತ್ತು. ಭಾರತಕ್ಕೂ ಇವು ಬಂದವು. ಇವುಗಳ ಚಾಸಿಸ್ ಮೇಲೆ ಇಲ್ಲಿಯೇ ಉಕ್ಕಿನ ಕವಚ ಕಟ್ಟಿ ಮಾಡಿದ ಯುದ್ಧ ವಾಹನಗಳಿಗೆ ಸೈನಿಕರು 'ಟಾಟಾನಗರ್' ಎಂದೇ ಹೆಸರಿಟ್ಟಿದ್ದರು.

ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಗಾಡಿಗಳು ಹರಾಜಿಗೆ ಬಂದವು. ಹಳಬರಿಗೆ 'ಡಿಸ್ಪೋಸಲ್ ಲಾರಿ' ಎಂಬ ಮಾತು ನೆನಪಿರಬಹುದು. ದೇಶದಲ್ಲಿ ಲಾರಿ ತಯಾರಿಕೆ ಇನ್ನೂ ಬಲಿಯದ ಕಾಲ. ಟಾಟಾ-ಮರ್ಸಿಡಿಸ್ ಬೆಂಜ್ ಲಾರಿ ಬಂದದ್ದೇ 1954ರಲ್ಲಿ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿ ಕೆಸರಿನ ಏರಿನಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆಂದು ಕಾಡಿನ ಕೆಲಸದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇನ್ನು ಗುರುತಿಸುವ ಬಗೆ ನೋಡೋಣ. ಮೊದಲು ನೋಡಬೇಕಾದದ್ದು ಡ್ರೈವರನ ಮುಂದಿನ ಗಾಜು. ಸಿ.ಎಂ.ಪಿ. ಗಾಡಿಗಳ ಕ್ಯಾಬಿನ್‌ಗಳಿಗೆ 11, 12, 13 ಎಂಬ ಸಂಖ್ಯೆಗಳಿವೆ. ಮೊದಲ ಎರಡರಲ್ಲಿ ಗಾಜು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. 1941ರ ಕೊನೆಯಲ್ಲಿ ಬಂದು ಯುದ್ಧದ ಕೊನೆಯವರೆಗೂ ನಡೆದ 13ನೆಯದರಲ್ಲಿ ಗಾಜಿನ ಮೇಲಂಚು ಮುಂದಕ್ಕೆ ಚಾಚಿ, ಕೆಳಗಿನ ಅಂಚು ಒಳಕ್ಕೆ ಸರಿದಿರುತ್ತದೆ. ಇದು ಅಂದಕ್ಕೆ ಮಾಡಿದ್ದಲ್ಲ. ಬಿಸಿಲು ಗಾಜಿಗೆ ಬಡಿದು ಹೊಳೆದರೆ ಮೇಲೆ ಹಾರುವ ಶತ್ರು ವಿಮಾನಕ್ಕೆ ಕಾಣುತ್ತದೆ. ಆ ಹೊಳಪು ನೆಲದ ಕಡೆಗೆ ಹೋಗಲೆಂದು ಗಾಜನ್ನೇ ಬಾಗಿಸಿದರು. ಹೀಗೆ ಗಾಜಿನ ಓರೆಯಿಂದಲೇ ಗಾಡಿಯ ಕಾಲವನ್ನು ಸುಮಾರಾಗಿ ಹೇಳಬಹುದು.

ಎರಡನೆಯದು ಮೂಗಿನ ಜಾಲರಿ. ಫೋರ್ಡ್ ಗಾಡಿಯಲ್ಲಿ ಜಾಲರಿಯ ಕಣ್ಣುಗಳು ವಜ್ರಾಕಾರವಾಗಿ ಓರೆಯಾಗಿರುತ್ತವೆ. ಜನರಲ್ ಮೋಟಾರ್ಸ್‌ನವರ ಷೆವರ್ಲೆಯಲ್ಲಿ ನೇರವಾದ ಚೌಕಗಳು. ನೋಡಿದ ಕೂಡಲೇ ತಿಳಿಯುವ ಗುರುತು ಇದು. ಆದರೆ ಬೇಗ ಮೋಸ ಹೋಗುವುದೂ ಇದರಿಂದಲೇ. ಎರಡೂ ಕಂಪನಿಗಳದು ಒಂದೇ ನಮೂನೆ. ಎಂಬತ್ತು ವರ್ಷಗಳಲ್ಲಿ ಯಾವ ಮೇಸ್ತ್ರಿ ಯಾವ ಮೂಗನ್ನು ಯಾವ ಗಾಡಿಗೆ ಕೂರಿಸಿದನೋ ಯಾರು ಬಲ್ಲರು?

ಆದ್ದರಿಂದ ಮೂರನೆಯದಾಗಿ ಟೇಪು ಹಿಡಿಯಬೇಕು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಅಳೆಯಿರಿ. ಸುಮಾರು 101 ಇಂಚು ಬಂದರೆ ಅದು ನಾಲ್ಕು ಚಕ್ರ ಚಾಲನೆಯ 15 ಹಂಡ್ರೆಡ್‌ವೇಟ್ ಗಾಡಿಯ ಅಳತೆ. ಒಂದು ಹಂಡ್ರೆಡ್‌ವೇಟ್ ಎಂದರೆ 112 ಪೌಂಡು, ಹತ್ತಿರ ಹತ್ತಿರ 51 ಕಿಲೋ. 158 ಇಂಚು ಬಂದರೆ ಮೂರು ಟನ್ನಿನ ಉದ್ದ ಲಾರಿ. 134 ಇಂಚಿನವೂ ಇವೆ. ಮಾದರಿಯ ಹೆಸರಿನಲ್ಲೇ ಈ ಲೆಕ್ಕ ಅಡಗಿದೆ. 'ಸಿ60ಎಲ್' ಎಂದರೆ ಷೆವರ್ಲೆ, 60 ಹಂಡ್ರೆಡ್‌ವೇಟ್ ಅಂದರೆ ಮೂರು ಟನ್, ಉದ್ದ ಚಾಸಿಸ್. 'ಎಫ್60ಎಲ್' ಎಂದರೆ ಅದೇ ಅಳತೆಯ ಫೋರ್ಡ್. ಬಣ್ಣ ಬದಲಿಸುವುದು ಒಂದು ದಿನದ ಕೆಲಸ. ಚಾಸಿಸ್ಸಿನ ಉದ್ದ ಬದಲಿಸಿದರೆ ಬೆಸುಗೆಯ ಕಲೆ ಉಳಿಯುತ್ತದೆ.

ನಾಲ್ಕನೆಯದು ಇಂಜಿನು. ಷೆವರ್ಲೆಗೆ ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳ, 216 ಘನ ಇಂಚಿನ ಪೆಟ್ರೋಲ್ ಇಂಜಿನು. ಫೋರ್ಡಿಗೆ 239 ಘನ ಇಂಚಿನ ವಿ-8, ಅದೂ ಪೆಟ್ರೋಲಿನದೇ. ಆದರೆ ಪೆಟ್ರೋಲು ಕುಡಿಯುವ ಮಿಲಿಟರಿ ಗಾಡಿಯನ್ನು ಬಾಡಿಗೆಗೆ ಓಡಿಸಿ ಸಂಸಾರ ಸಾಕುವುದು ಕಷ್ಟ. ಆದ್ದರಿಂದ ಮಾಲೀಕರು ಪರ್ಕಿನ್ಸ್‌ನಂಥ ಡೀಸೆಲ್ ಇಂಜಿನುಗಳನ್ನು ಕೂರಿಸಿಕೊಂಡರು. ಹೀಗೆ ಇಂಜಿನು ಬದಲಾದ ಗಾಡಿಯನ್ನು ಕೀಳಾಗಿ ಕಾಣಬೇಡಿ. ಸೇನೆಯಲ್ಲಿ ಐದಾರು ವರ್ಷ ದುಡಿದು, ಆಮೇಲೆ ನಮ್ಮ ರಸ್ತೆಗಳಲ್ಲಿ ಮೂವತ್ತು ವರ್ಷ ದುಡಿದದ್ದರ ಗುರುತು ಅದು. ಇಲ್ಲಿ ಅನುಮಾನ ಪಡಬೇಕಾದದ್ದು 'ಎಲ್ಲವೂ ಒರಿಜಿನಲ್' ಎಂಬ ಮಾತನ್ನು.

ಐದನೆಯದು ನಂಬರು. ಸೇನೆಯ ನಂಬರು ಬೇರೆ, ಚಾಸಿಸ್ ನಂಬರು ಬೇರೆ. ಬ್ರಿಟಿಷ್ ಕಾಲದ ಪದ್ಧತಿಯಲ್ಲಿ ಬಾನೆಟ್ಟಿನ ಪಕ್ಕದಲ್ಲಿ ಬರೆದ ಸೇನಾ ಸಂಖ್ಯೆಯ ಹಿಂದೆ 'ಎಲ್' ಇದ್ದರೆ ಲಾರಿ, 'ಝಡ್' ಇದ್ದರೆ 15 ಹಂಡ್ರೆಡ್‌ವೇಟ್‌ನಂಥ ಚಿಕ್ಕ ಟ್ರಕ್ಕು. ಇಂದಿನ ಭಾರತೀಯ ಸೇನೆಯ ಫಲಕದಲ್ಲಿ ಮೇಲ್ಮುಖ ಬಾಣವೂ ಗಾಡಿ ಸೇನೆಗೆ ಸೇರಿದ ವರ್ಷದ ಎರಡು ಅಂಕಿಗಳೂ ಇರುತ್ತವೆ. ಆದರೆ ಬಾಣವನ್ನು ಯಾವ ಪೇಂಟರನೂ ಬರೆದುಕೊಡಬಲ್ಲ. ಹೊಸ ಬಣ್ಣದ ಅಡಿಯಲ್ಲಿ ಪದರ ಪದರವಾಗಿ ಅಡಗಿದ ಹಳೆಯ ಅಕ್ಷರಕ್ಕೆ ಮಾತ್ರ ಬೆಲೆ. ನೀರು ಕಾಗದದಿಂದ ನಿಧಾನವಾಗಿ ಉಜ್ಜಿದರೆ ಕೆಲವೊಮ್ಮೆ ಅದು ಕಾಣಿಸಿಕೊಳ್ಳುತ್ತದೆ.

ಚಾಸಿಸ್ ನಂಬರು ಕಬ್ಬಿಣಕ್ಕೇ ಕೊರೆದದ್ದು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್.ಸಿ. ಪುಸ್ತಕದ ನಂಬರಿನ ಜತೆ ಅಂಕಿ ಅಂಕಿಯಾಗಿ ತಾಳೆ ನೋಡಬೇಕು. ತಾಳೆಯಾಗದಿದ್ದರೆ ನೀವು ಕೊಳ್ಳುವುದು ಲಾರಿಯನ್ನಲ್ಲ, ಒಂದು ಮೊಕದ್ದಮೆಯನ್ನು. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನೋಂದಣಿ ನಿಯಮವನ್ನು ನಂಬಿ ಕೆಲವರು ಧೈರ್ಯ ಮಾಡುತ್ತಾರೆ. ಐವತ್ತು ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳ ವರ್ಗಕ್ಕೆ ಮಾಡಿದ ನಿಯಮ ಅದು. ಲಾರಿಗೂ ಅದು ಒದಗುತ್ತದೆಂದು ಮುಂಗಡ ಕೊಡುವ ಮೊದಲು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಒಂದು ಎಚ್ಚರಿಕೆಯ ಮಾತು. ಈ ಗಾಡಿಗಳಲ್ಲಿ ಎರಡು ಹೋಳುಗಳನ್ನು ಬೋಲ್ಟಿನಿಂದ ಬಿಗಿದು ಮಾಡಿದ ಚಕ್ರಗಳೂ ಇವೆ. ಟೈರಿನಲ್ಲಿ ಗಾಳಿ ಇರುವಾಗ ಹೋಳುಗಳನ್ನು ಹಿಡಿದಿರುವ ಬೋಲ್ಟನ್ನು ಬಿಚ್ಚಿದರೆ ಚಕ್ರ ಸಿಡಿದು ಪ್ರಾಣವೇ ಹೋಗಬಹುದು. ಗಾಳಿಯನ್ನು ಪೂರ್ತಿ ಬಿಡದೆ ಅದಕ್ಕೆ ಸ್ಪ್ಯಾನರ್ ಹಾಕಬೇಡಿ.

ಈಗ ಆ ಲಾರಿಯ ಕಡೆಗೆ ಬರೋಣ. ನಾವಿಬ್ಬರೂ ಹೋಗಿ ನೋಡಿದೆವು. ಗಾಜು ಮುಂದಕ್ಕೆ ಬಾಗಿತ್ತು. ಜಾಲರಿಯ ಕಣ್ಣುಗಳು ಓರೆ. ಟೇಪು 158 ಇಂಚು ತೋರಿಸಿತು. ಯುದ್ಧಕಾಲದ ಮೂರು ಟನ್ನಿನ ಕೆನಡಾ ಲಾರಿ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಒಳಗೆ ಪರ್ಕಿನ್ಸ್ ಡೀಸೆಲ್ ಇಂಜಿನು ಕೂತಿತ್ತು. ನನ್ನ ಪರಿಚಿತರು ಸ್ಟೀರಿಂಗ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಚಾಸಿಸ್ ನಂಬರು ನೋಡಿದೆವು. ಆ ಜಾಗವನ್ನು ಗ್ರೈಂಡರಿನಿಂದ ಉಜ್ಜಿ, ಸೊಟ್ಟ ಸೊಟ್ಟ ಅಂಕಿಗಳನ್ನು ಹೊಸದಾಗಿ ಕೊರೆದಿದ್ದರು. ಅವೂ ಕಾಗದದ ನಂಬರಿಗೆ ತಾಳೆಯಾಗಲಿಲ್ಲ. ಫೋರ್ಡೋ ಷೆವರ್ಲೆಯೋ ಎಂಬುದನ್ನು ಖಚಿತವಾಗಿ ಹೇಳಬಲ್ಲ ಸಾಕ್ಷಿಯನ್ನೇ ಅಳಿಸಿಹಾಕಿದ್ದರು. ಬರ್ಮಾದ ಮಾತಿಗಂತೂ ಮಾರುವವನ ಬಾಯಿ ಬಿಟ್ಟರೆ ಬೇರೆ ಆಧಾರವೇ ಇರಲಿಲ್ಲ.

"ಬೇಡ" ಎಂದೆ. ಅವರೂ ಒಪ್ಪಿದರು. ನಾಲ್ಕು ತಿಂಗಳ ನಂತರ ಆ ಲಾರಿ ಗುಜರಿಯವನ ಪಾಲಾಗಿ, ಗ್ಯಾಸ್ ಕಟ್ಟರಿಗೆ ಸಿಕ್ಕಿ ತುಂಡಾಯಿತೆಂದು ತಿಳಿಯಿತು.

ನಾನು ಕೊಟ್ಟ ಸಲಹೆ ತಪ್ಪಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ನನ್ನಿಂದ ಬೇರೊಂದು ತಪ್ಪಾಯಿತು. ಬೇಡ ಎಂದ ಮೇಲೆ ಕೈ ತೊಳೆದುಕೊಂಡು ಬಂದುಬಿಟ್ಟೆ. ಬಾನೆಟ್ಟಿನ ಪಕ್ಕದ ಬಣ್ಣವನ್ನು ಒಂದು ಅಂಗೈಯಗಲ ಉಜ್ಜಿ ನೋಡಲಿಲ್ಲ. ಕ್ಯಾಬಿನ್ನಿನೊಳಗಿನ ಲೋಹದ ಫಲಕದ ಫೋಟೋ ತೆಗೆಯಲಿಲ್ಲ. ಡೀಸೆಲ್ ಇಂಜಿನು ಕೂರಿಸಿದ ಮೇಸ್ತ್ರಿ ಯಾರು, ಗಾಡಿ ಯಾರ ಯಾರ ಕೈ ದಾಟಿತು ಎಂದು ಕೇಳಲಿಲ್ಲ. ಅರ್ಧ ಗಂಟೆಯ ಕೆಲಸ ಅದು. ಈಗ ಆ ಲಾರಿಯ ಬಗ್ಗೆ ಉಳಿದಿರುವುದು ಒಂದು ಫೋಟೋ ಮತ್ತು ನನ್ನ ಚೀಟಿಯ ಮೇಲಿನ '158' ಎಂಬ ಅಂಕಿ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಹಳೆಯ ಲಾರಿ ನೋಡಲು ಹೋಗುವಾಗ ಹಣ ಒಯ್ಯದಿದ್ದರೂ ಟೇಪು, ಪೆನ್ಸಿಲು, ಕಾಗದ ಒಯ್ಯಿರಿ. ಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ನೋಡಿದ್ದನ್ನು ಮಾತ್ರ ಬರೆದುಕೊಂಡು ಬನ್ನಿ.